ನಮ್ಮಣ್ಣ ಬೋರಿಗೆ ಇಳಿಸಿದ ವಾಚು

ನಮ್ಮಣ್ಣ ಕೋದಂಡಪ್ಪನಿಗೆ ಯಾರ ಮಾತಿನ ಮೇಲೂ ನಂಬಿಕೆ ಇಲ್ಲ. ಬರೆದಿಟ್ಟ ಮಾತಿನ ಮೇಲಂತೂ ಮೊದಲೇ ಇಲ್ಲ. ಬೇತಮಂಗಲದ ಸುತ್ತಮುತ್ತಲ ಬೋರ್‌ವೆಲ್‌ಗಳ ಮೋಟರು ಎತ್ತುವುದು, ಇಳಿಸುವುದು ಅವನ ಕಸುಬು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಒಂದು ಚೈನ್ ಪುಲ್ಲಿ, ಕೆಮ್ಮುತ್ತ ಹೊರಡುವ ಒಂದು ಟ್ರ್ಯಾಕ್ಟರು, ಇಷ್ಟೇ ಅವನ ಆಸ್ತಿ. ಪೈಪಿನ ಮೇಲೆ ಒಡೆಯುವುದಿಲ್ಲ ಅಂತ ಬರೆದಿರುತ್ತಾರೆ, ಒಡೆಯುತ್ತದೆ. ಕೇಬಲ್ಲಿನ ಮೇಲೆ ಸುಡುವುದಿಲ್ಲ ಅಂತ ಬರೆದಿರುತ್ತಾರೆ, ಸುಡುತ್ತದೆ. ಊರೂರಿನ ಸುಳ್ಳನ್ನೆಲ್ಲ ನೆಲದೊಳಗಿಂದ ಎಳೆದು ತೆಗೆದು ಬಿಸಿಲಿಗೆ ಹಾಕುವವನಿಗೆ ನಂಬಿಕೆ ಎಲ್ಲಿಂದ ಬರಬೇಕು?

ಅಷ್ಟಕ್ಕೇ ನಿಂತಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ. ಅವನು ಅದನ್ನು ಮನೆಗೂ ತಂದ. ಅತ್ತಿಗೆ ಮಂಗಮ್ಮ ಬಂಗಾರಪೇಟೆಯಿಂದ ಬಿದ್ದರೂ ಒಡೆಯದ ತಟ್ಟೆ ಅಂತ ಒಂದು ಸೆಟ್ಟು ತಂದಳು. ಇವನು ಮಹಡಿ ಹತ್ತಿ ಒಂದನ್ನು ಕೆಳಗೆ ಬಿಟ್ಟ. ಒಡೆಯಿತು. ಒಂದು ಒಡೆದ ಮೇಲೆ ಸಾಕಲ್ಲವೇ? ಇವನಿಗೆ ಸಾಲದು. ಅದೊಂದೇ ಕೆಟ್ಟದ್ದಿರಬಹುದು ಅಂತ ಉಳಿದವನ್ನೂ ಬಿಟ್ಟ. ಆ ವಾರವೆಲ್ಲ ಅತ್ತಿಗೆ ಅವನಿಗೆ ಪಾತ್ರೆಯ ಮುಚ್ಚಳದಲ್ಲಿ ಮುದ್ದೆ ಬಡಿಸಿದಳು. ಒಳ್ಳೆಯ ಕೆಲಸವನ್ನೇ ಮಾಡಿದಳು.

ನಾನು ಅವನ ತಂಗಿ ರಾಧಾಮಣಿ. ಊರಿನ ಡೈರಿಯಲ್ಲಿ ಹಾಲು ಅಳೆಯುತ್ತೇನೆ. ಬೆಳಗಾದರೆ ಹಾಲಿಗೆ ನೀರು ಬೆರೆಸಿದವರ ಮುಗ್ಧ ಮುಖಗಳನ್ನೇ ನೋಡಬೇಕಾದ್ದರಿಂದ ನನ್ನ ನಾಲಿಗೆ ಸ್ವಲ್ಪ ಚುರುಕು. ಯಾರಿಗಾದರೂ ತಾಗಿದರೆ ತಾಗಲಿ.

ಅಣ್ಣನಿಗೆ ಒಬ್ಬಳೇ ಮಗಳು, ಶಶಿರೇಖ. ಬಂಗಾರಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಅದೇ ಊರಿನ ಹುಡುಗ ವೇಣುವಿನ ಮನೆಯಿಂದ ಸಂಬಂಧ ಬಂತು. ಹುಡುಗ ದಿನಾ ರೈಲಿನಲ್ಲಿ ವೈಟ್‌ಫೀಲ್ಡಿನ ಗೋಡೌನಿಗೆ ಹೋಗಿ ಬರುವವನು. ಕುಡಿತ ಇಲ್ಲ, ಬೀಡಿ ಇಲ್ಲ, ಜೋರು ಮಾತಿಲ್ಲ. ನೋಡಿಕೊಂಡು ಹೋದ ಮೇಲೆ ಶಶಿ ನನ್ನ ಪಕ್ಕ ಕೂತು, ಸೆರಗಿನ ತುದಿ ಸುತ್ತುತ್ತ, "ನಂಗೆ ಒಪ್ಪಿಗೆ ಅತ್ತೆ. ಮೆತ್ತಗಿನ ಮನುಷ್ಯ" ಅಂದಳು. ಬಂದ ಹುಡುಗರಿಗೆಲ್ಲ ಒಂದೊಂದು ಕೊಂಕು ಹುಡುಕುತ್ತಿದ್ದ ಹುಡುಗಿ ಮೊದಲ ಸಲ ಹೂಂ ಅಂದದ್ದು. ಈ ಮದುವೆ ನಡೆಯಲಿ ದೇವರೇ ಅಂತ ನಾನೂ ಅತ್ತಿಗೆಯೂ ಹರಕೆ ಕಟ್ಟಿಕೊಂಡೆವು.

ಆದರೆ ಆ ಮೆತ್ತಗಿನ ಮನುಷ್ಯನಿಗೆ ಒಂದು ಹುಚ್ಚಿತ್ತು. ವಾಚು.

ನಮ್ಮ ಮನೆಗಳಲ್ಲಿ ನಿಶ್ಚಿತಾರ್ಥದ ದಿನ ಹೆಣ್ಣಿನ ತಂದೆ ಹುಡುಗನ ಕೈಗೆ ವಾಚು ಕಟ್ಟುತ್ತಾನೆ. ಆಮೇಲೆ ಎರಡೂ ಕಡೆಯವರು ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ. ತಟ್ಟೆ ಬದಲಾಯಿತೆಂದರೆ ಸಂಬಂಧ ಗಟ್ಟಿಯಾದಂತೆ, ಬದಲಾಗದಿದ್ದರೆ ಇಲ್ಲ. ವೇಣುವಿನ ತಾಯಿ ನಮಗೆ ಏನೂ ಬೇಡ, ಬಂಗಾರ ಬೇಡ, ಗಾಡಿ ಬೇಡ ಅಂತ ಹೇಳಿ ಕಳಿಸಿದರು. ಎಷ್ಟು ದೊಡ್ಡ ಮನಸ್ಸು ಅಂದುಕೊಂಡೆವು. ಸಂಜೆಗೆ ಒಂದು ವಾಚಿನ ಫೋಟೋ ಬಂತು. ಇದೇ ಕಂಪನಿ, ಇದೇ ಬಣ್ಣ, ಇದೇ ಸ್ಟ್ರಾಪು ಆಗಬೇಕಂತೆ. ಸಮುದ್ರದಲ್ಲಿ ಮುಳುಗುವವರು ಕಟ್ಟಿಕೊಳ್ಳುವ ಡೈವ್ ವಾಚು.

ಅಣ್ಣ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. "ಹುಡ್ಗ ಕೆರೆಗೆ ಬೀಳೋ ಪೈಕಿನಾ?" ಅಂತ ಕೇಳಿದ. ಅತ್ತಿಗೆ ಅವನ ಬಾಯಿ ಮುಚ್ಚಿಸಿದಳು.

ವಾಚು ಕೊಳ್ಳಲು ಬೆಂಗಳೂರಿಗೆ ಹೋದಾಗ ನಮ್ಮ ಜೊತೆ ಬಂದವನು ವೇಣು ಅಲ್ಲ, ವೇಣುವಿನ ಗೆಳೆಯ ಸುಬ್ರಮಣಿ. ಚಿನ್ನದ ಗಣಿ ಇದ್ದ ಕೋರಮಂಡಲ್‌ನವನು. ಅವನ ತಾತ ಗಣಿಯಲ್ಲಿ ದಿನಾ ಭೂಮಿಯ ಹೊಟ್ಟೆಗೆ ಇಳಿದು ಬರುತ್ತಿದ್ದನಂತೆ, ಕೈಯಲ್ಲಿ ವಾಚಿಲ್ಲದೆ. ಮೊಮ್ಮಗ ರೈಲಿನ ಕಿಟಕಿ ಸೀಟಿನಲ್ಲಿ ಕೂತು ಆಳದ ವಿಷಯ ಮಾತಾಡುತ್ತಾನೆ. ಬೆಳಗಿನ ರೈಲಿನಲ್ಲಿ ಇವರದೊಂದು ಗುಂಪಿದೆ. ಎಲ್ಲರ ಕೈಯಲ್ಲೂ ಡೈವ್ ವಾಚು. ಒಬ್ಬನಿಗೂ ಈಜು ಬರುವುದಿಲ್ಲ. ನಾಲ್ಕು ಹನಿ ಮಳೆ ಬಿದ್ದರೆ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಒಳಜೇಬಿಗೆ ಹಾಕಿಕೊಳ್ಳುತ್ತಾರೆ.

ಅಂಗಡಿಯಲ್ಲಿ ಸುಬ್ರಮಣಿಯ ಪಾಠ ಶುರುವಾಯಿತು. ಗಾಜಿನ ಸುತ್ತ ಒಂದು ಬಳೆ ಇದೆ, ಅದಕ್ಕೆ ಬೆಜೆಲ್ ಅನ್ನುತ್ತಾರಂತೆ. ನೀರಿನಡಿ ಇರುವವನು ಮುಳುಗಿ ಎಷ್ಟು ಹೊತ್ತಾಯಿತು ಅಂತ ಅದನ್ನು ತಿರುಗಿಸಿ ಲೆಕ್ಕ ಇಟ್ಟುಕೊಳ್ಳುತ್ತಾನಂತೆ. ನೀನು ಅದರಲ್ಲಿ ಏನು ನೋಡುತ್ತೀಯಪ್ಪ ಅಂತ ಕೇಳಿದೆ. ಮೊಟ್ಟೆ ಬೇಯಿಸುವ ಹೊತ್ತು ನೋಡುತ್ತೇನೆ ಆಂಟಿ ಅಂದ, ಸ್ವಲ್ಪವೂ ನಾಚದೆ. ಬೆಜೆಲ್ಲನ್ನು ಕಿವಿಯ ಹತ್ತಿರ ಹಿಡಿದು ಟಿಕ್ ಟಿಕ್ ತಿರುಗಿಸಿ, ಕಣ್ಣು ಮುಚ್ಚಿ ಕೇಳಿದ. ಸ್ಟ್ರಾಪನ್ನು ಮೂಸಿದ. ಮುಳ್ಳುಗಳು ಕತ್ತಲೆಯಲ್ಲಿ ಹೊಳೆಯುತ್ತವೆಯೇ ಅಂತ ನೋಡಲು ಅಂಗಡಿಯವನ ಮೇಜಿನ ಕೆಳಗೆ ತೂರಿದ. ಕೊನೆಗೆ ಮೇಲೆದ್ದು, ನಾಳೆ ಮಾರಿದರೂ ಬೆಲೆ ಬೀಳದ ಪೀಸು ಅಂತ ತೀರ್ಪು ಕೊಟ್ಟ. ಮದುವೆಗೆ ಕೊಡುವ ವಾಚನ್ನು ಇವನು ಮಾರುವುದರಿಂದಲೇ ಶುರು ಮಾಡಿದನಲ್ಲ!

ಅಣ್ಣ ಓದಿದ್ದು ಒಂದನ್ನೇ. ಡಯಲಿನ ಮೇಲೆ ಇನ್ನೂರು ಮೀಟರ್ ಅಂತ ಬರೆದಿತ್ತು. ಇದನ್ನು ಅಷ್ಟು ಆಳಕ್ಕೆ ಇಳಿಸಿ ನೋಡಿದವರು ಯಾರು ಅಂತ ಅಂಗಡಿಯವನನ್ನು ಕೇಳಿದ. ಕಂಪನಿಯವರೇ ನೋಡಿರುತ್ತಾರೆ ಸರ್ ಅಂದ ಅವನು. ಅಣ್ಣ ನನ್ನ ಕಡೆ ತಿರುಗಿ ನಕ್ಕ. ಆ ನಗು ನನಗೆ ಗೊತ್ತು. ತಟ್ಟೆ ಹಿಡಿದು ಮಹಡಿ ಹತ್ತಿದಾಗಲೂ ಹಾಗೇ ನಕ್ಕಿದ್ದ.

ನಿಶ್ಚಿತಾರ್ಥ ಹತ್ತಿರ ಬಂದಾಗ ಅಣ್ಣನಿಗೆ ಚಿಕ್ಕಮುನಿಯಪ್ಪನ ಮಾವಿನ ತೋಪಿನಲ್ಲಿ ಕೆಲಸ ಬಿತ್ತು. ಮೋಟರು ಎತ್ತಿ ರಿಪೇರಿಗೆ ಕಳಿಸಿದ್ದರು, ಬೋರು ಖಾಲಿ ಬಾಯಿ ತೆರೆದುಕೊಂಡಿತ್ತು. ನೀರು ಎಷ್ಟರಲ್ಲಿದೆ ಅಂತ ನೋಡಲು ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ ಇಳಿಸುವುದು ಈ ಕಸುಬಿನವರ ರೂಢಿ. ಅಣ್ಣ ಕಬ್ಬಿಣದ ಜೊತೆ ವಾಚನ್ನೂ ಕಟ್ಟಿದ. ಮಧ್ಯಾಹ್ನ ನಾನು ಊಟ ತೆಗೆದುಕೊಂಡು ಹೋಗುವ ಹೊತ್ತಿಗೆ ಹಗ್ಗ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಿತ್ತು.

ಇನ್ನೂರು ಮೀಟರ್ ಅಂದರೆ ಆರುನೂರೈವತ್ತು ಅಡಿ. ಅಲ್ಲಿಗೆ ನಿಲ್ಲಿಸಬಾರದೇ ಅಂತ ಬೈದೆ. "ಅಷ್ಟರಲ್ಲಿ ನಮ್ಕಡೆ ನೀರೆಲ್ಲೈತಮ್ಮ? ಬರೀ ದೂಳು. ನೀರೇ ಮುಟ್ದೆ ಇದ್ರೆ ಅದೆಂಥ ಪರೀಕ್ಷೆ?" ಅಂದ. ಸಾವಿರ ಅಡಿ ದಾಟಿದ ಮೇಲೆ ಎಲ್ಲೋ ಕಬ್ಬಿಣ ನೀರು ಮುಟ್ಟಿತು. ಇನ್ನಷ್ಟು ಇಳಿಸಿ, ಹಗ್ಗವನ್ನು ಸ್ಟ್ಯಾಂಡಿಗೆ ಬಿಗಿದು, ಕೈ ತೊಳೆದು, ನೆಮ್ಮದಿಯಾಗಿ ಊಟಕ್ಕೆ ಕೂತ. ನನಗೆ ಒಂದು ತುತ್ತೂ ಇಳಿಯಲಿಲ್ಲ. ಹಗ್ಗ ಕಿತ್ತುಹೋದರೆ ಮಗಳ ಮದುವೆಯೂ ಅದರ ಜೊತೆಗೇ ಬೋರಿನ ತಳ ಸೇರುತ್ತದಲ್ಲ!

ಹೊತ್ತು ಇಳಿಯುವಾಗ ಎಳೆದ. ವಾಚು ಕೆಸರು ಮೆತ್ತಿಕೊಂಡು ಮೇಲೆ ಬಂತು. ಪಂಚೆಯ ಅಂಚಿನಲ್ಲಿ ಒರೆಸಿ, ನಮ್ಮಣ್ಣ ಕಣ್ಣಿನ ಹತ್ತಿರ ಹಿಡಿದ. ಸೆಕೆಂಡಿನ ಮುಳ್ಳು ತಿರುಗುತ್ತಿತ್ತು. "ಓಡ್ತಾ ಐತೆ ಕಣಮ್ಮ ರಾಧಾ" ಅಂದ. "ಈ ಜನ್ಮದಾಗೆ ಒಬ್ಬನಾದ್ರೂ ನಿಜ ಬರ್ದವ್ನೆ ನೋಡು." ಇಷ್ಟು ವಯಸ್ಸಿನ ಗಂಡಸು ವಾಚು ಹಿಡಿದು ಕಣ್ಣು ಒರೆಸಿಕೊಳ್ಳುವುದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿಯಿತು. ಬೆಜೆಲ್ಲಿನ ಮೇಲೆ ಬೋರಿನೊಳಗಿನ ಕೇಸಿಂಗ್ ಪೈಪು ಉಜ್ಜಿ ಒಂದು ಗೀರು ಬಿದ್ದಿತ್ತು. ತೋರಿಸಿದೆ. ಕೆಲಸ ಮಾಡಿದ ಗುರುತು ಬಿಡು ಅಂತ, ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟ.

ಬಂಗಾರಪೇಟೆಯ ಛತ್ರದಲ್ಲಿ ನಿಶ್ಚಿತಾರ್ಥ. ಶಶಿರೇಖ ಹಸಿರು ಸೀರೆ ಉಟ್ಟು ಚಾಪೆಯ ಮೇಲೆ ಕೂತಿದ್ದಳು. ಎದುರಿಗೆ ವೇಣು. ನಡುವೆ ತಾಂಬೂಲದ ತಟ್ಟೆಗಳು. ಅಣ್ಣ ಡಬ್ಬಿ ತೆಗೆದಿದ್ದೇ ತಡ, ಸುಬ್ರಮಣಿಯೂ ರೈಲಿನ ಇನ್ನಿಬ್ಬರೂ ಒಂದ್ನಿಮಿಷ ಅಂಕಲ್ ಅಂತ ಮುಂದೆ ಬಂದರು. ಬಿಳಿ ಕರ್ಚೀಫು ಹಾಸಿ ವಾಚನ್ನು ಅದರ ಮೇಲೆ ಮಲಗಿಸಿದರು. ಹೆಣ್ಣು ನೋಡಲು ಬಂದಾಗ ಇದೇ ಹುಡುಗರು ನಮ್ಮ ಶಶಿಯನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಕಪ್ಪು ಡಯಲ್ ಎಂದಿಗೂ ಹಳತಾಗುವುದಿಲ್ಲ ಅಂತ ಒಬ್ಬ. ನೀಲಿಯಾಗಿದ್ದರೆ ಕೈಗೆ ಕಳೆ ಬರುತ್ತಿತ್ತು ಅಂತ ಇನ್ನೊಬ್ಬ. ದಪ್ಪ ಜಾಸ್ತಿ, ಷರಟಿನ ತೋಳಿನೊಳಗೆ ಹೋಗುವುದಿಲ್ಲ ಅಂತ ಮೊದಲನೆಯವನು. ದಪ್ಪ ಇರದಿದ್ದರೆ ಅದು ಡೈವ್ ವಾಚೇ ಅಲ್ಲ ಅಂತ ಎರಡನೆಯವನು. ಹೊಳಪು ನೋಡಲು ಮೂವರೂ ವೇಣುವಿನ ರೇಷ್ಮೆ ಶಲ್ಯ ತಲೆಯ ಮೇಲೆ ಎಳೆದುಕೊಂಡು ಕತ್ತಲೆ ಮಾಡಿಕೊಂಡರು. ಪುರೋಹಿತರು ಮಂತ್ರ ನಿಲ್ಲಿಸಿ ಆ ಶಲ್ಯವನ್ನೇ ನೋಡುತ್ತ ಕೂತರು.

ಶಲ್ಯದೊಳಗಿಂದ ಸುಬ್ರಮಣಿಯ ದನಿ ಬಂತು. "ಡೇಯ್ ವೇಣು, ಗೀರು ಇದೆ ಡಾ."

ಹೊರಗೆ ಬಂದು ಮೊಬೈಲಿನ ಟಾರ್ಚು ಹಾಕಿ ಎಲ್ಲರಿಗೂ ತೋರಿಸಿದ. ನಾನು ಅಂಗಡಿಯಲ್ಲಿ ನೋಡಿದ್ದು ಇದಲ್ಲ, ಯಾರೋ ಕಟ್ಟಿ ಬಿಚ್ಚಿದ ಹಳೆಯ ಪೀಸು, ಇದರ ಬೆಲೆ ಹೋಯಿತು ಅಂದ. ವೇಣುವಿನ ಮುಖ ಕಪ್ಪಿಟ್ಟಿತು. ಚಾಪೆಯಿಂದ ಎದ್ದು ನಿಂತ. ಅವನ ತಾಯಿ ಶಕುನ ಸರಿಯಿಲ್ಲ ಅಂತ ಗೊಣಗಿದರು.

ಅಣ್ಣನಿಗೆ ಇದು ಅವಮಾನ ಅಂತ ಹೊಳೆಯಲೇ ಇಲ್ಲ. ನಗುನಗುತ್ತ, ಅದು ಹಳೆಯದಲ್ಲ, ನಾನೇ ಬೋರಿಗೆ ಸಾವಿರ ಅಡಿ ಇಳಿಸಿ ನೋಡಿದೆ, ನೀರಿನಲ್ಲಿ ಅಷ್ಟು ಹೊತ್ತಿದ್ದರೂ ಓಡುತ್ತಿದೆ ಅಂತ ಹೆಮ್ಮೆಯಿಂದ ಹೇಳಿದ. ರೈಲಿನವನೊಬ್ಬ ಡೈವ್ ವಾಚನ್ನು ನೀರಿಗೆ ಹಾಕಿದರಾ ಅಂತ ಎದೆಯ ಮೇಲೆ ಕೈ ಇಟ್ಟುಕೊಂಡ.

"ಮಾವ, ಬೇರೆ ಪೀಸ್ ತನ್ನಿ. ಆಮೇಲೆ ತಟ್ಟೆ ವಿಷ್ಯ ನೋಡೋಣ" ಅಂದ ವೇಣು, ನೆಲ ನೋಡುತ್ತ.

ನಮ್ಮಣ್ಣ ಆಗ ಮಗಳ ಕಡೆ ನೋಡಿದ. ಅವಳ ಕಣ್ಣು ತುಂಬಿತ್ತು. ಯಾರಿಗೂ ತಲೆ ಬಾಗಿಸದವನು ಎರಡೂ ಕೈ ಜೋಡಿಸಿದ. "ತಪ್ಪಾಯ್ತಪ್ಪ. ಬೇರೆ ತಂದ್ಕೊಡ್ತೀನಿ" ಅಂದ. ಆ ಟಾರ್ಚನ್ನು ಕಸಿದು ಸುಬ್ರಮಣಿಯ ಬಾಯಿಗೆ ತುರುಕಬೇಕು ಅನ್ನಿಸಿತು ನನಗೆ. ಶಶಿಯ ಮುಖ ನೋಡಿ ಹಲ್ಲು ಕಚ್ಚಿಕೊಂಡೆ.

ಸುಬ್ರಮಣಿ ಮಾತ್ರ ವಾಚನ್ನು ಕೆಳಗಿಡದೆ ಏನೋ ಯೋಚಿಸುತ್ತಿದ್ದ. ಇದು ನಿಜವಾಗಿ ಸಾವಿರ ಅಡಿ ಒಳಗೆ ಹೋಗಿತ್ತೇ ಅಂತ ಅಣ್ಣನನ್ನು ಎರಡೆರಡು ಸಲ ಕೇಳಿದ. ಹೌದು ಅಂದಾಗ ಅವನ ಮುಖ ಅರಳಿತು. ನಮ್ಮ ಗುಂಪಿನಲ್ಲಿ ಯಾರ ವಾಚೂ ಬಕೆಟ್ಟಿಗೂ ಇಳಿದಿಲ್ಲ, ಕೋಲಾರದ ಬೋರಿಗೆ ಇಳಿದ ವಾಚು ದೇಶದಲ್ಲೇ ಇದೊಂದು, ಈ ಗೀರಿಗೇ ಡಬಲ್ ಬೆಲೆ, ಬಿಡಬೇಡ ವೇಣು ಅಂತ ಕೂಗಿದ. ಇನ್ನಿಬ್ಬರೂ ಆ ಗೀರಿನ ಫೋಟೋ ತೆಗೆಯಲು ನೂಕಾಡಿದರು. ತಮ್ಮ ವಾಚುಗಳನ್ನೂ ಇಳಿಸಿ ಕೊಡುತ್ತೀರಾ ಅಂಕಲ್ ಅಂತ ಒಬ್ಬ ಕೇಳಿಯೇಬಿಟ್ಟ.

ವೇಣು ಮತ್ತೆ ಚಾಪೆಯ ಮೇಲೆ ಕೂತ. ಬಾಯಿ ತುಂಬ ನಗು. ತೋಳು ಮಡಿಸಿ ಅಣ್ಣನ ಕಡೆ ಕೈ ಚಾಚಿ, ಕಟ್ಟಿ ಮಾವ ಅಂದ. ಅವನ ತಾಯಿಗೂ ಶಕುನ ಸರಿಹೋಯಿತು. ಅತ್ತಿಗೆ ನಿಟ್ಟುಸಿರು ಬಿಟ್ಟಳು. ಓಲಗದವರು ಊದಲು ಶುರು ಮಾಡಿದರು. ಸದ್ಯ ಬದುಕಿದೆವು ಅಂದುಕೊಂಡು ನಾನು ಅಕ್ಷತೆ ಕೈಗೆ ತೆಗೆದುಕೊಂಡೆ.

"ಒಂದ್ ಮಾತು" ಅಂದಳು ಶಶಿರೇಖ.

ಓಲಗ ನಿಂತಿತು. ಅವಳು ವೇಣುವನ್ನೇ ನೋಡುತ್ತ ಕೇಳಿದಳು. ಕಣ್ಣು ಒಣಗಿತ್ತು, ದನಿ ಏರಿರಲಿಲ್ಲ. "ಬೆಲೆ ಇಲ್ಲ ಅಂದ್ರು, ಎದ್ರಿ. ಬೆಲೆ ಐತೆ ಅಂದ್ರು, ಕೂತ್ರಿ. ನಮ್ಮಪ್ಪ ಕೈ ಮುಗಿದಾಗ ಸುಮ್ನಿದ್ರಿ. ನಿಮಗೆ ನಾನು ಬೇಕಾ, ಬೇಡ್ವಾ? ನೀವೇ ಹೇಳಿ."

ಕಷ್ಟದ ಪ್ರಶ್ನೆಯೇನಲ್ಲ. ಬೇಕು ಅಂತ ಒಂದು ಮಾತು ಸಾಕಾಗಿತ್ತು. ಅವಳು ಅದಕ್ಕೇ ಕಾಯುತ್ತಿದ್ದಳು, ನನಗೆ ಗೊತ್ತು. ವೇಣು ಬಾಯಿ ತೆರೆದ. ಆಮೇಲೆ ಕತ್ತು ತಿರುಗಿಸಿ ಸುಬ್ರಮಣಿಯ ಮುಖ ನೋಡಿದ.

ಅದನ್ನು ನಮ್ಮಣ್ಣನೂ ಕಂಡ. ಬಗ್ಗಿ, ನಮ್ಮ ಕಡೆಯ ತಾಂಬೂಲದ ತಟ್ಟೆಯನ್ನು ಬದಲಾಯಿಸದೆ ಹಿಂದಕ್ಕೆ ಎತ್ತಿಕೊಂಡು, ಮಗಳ ಮಡಿಲಲ್ಲಿಟ್ಟ.