ಕಾಯಿ ಹಿಂದೆ, ಅತ್ತೆ ಮುಂದೆ

“ಬ್ಯಾಡ ಕಣವ್ವ, ನಾನು ಬಸ್ಸಲ್ಲೇ ಬತ್ತೀನಿ” ಎಂದು ಅತ್ತೆ ಹಗರೆಯಲ್ಲಿ ನಮ್ಮ ಹಳೆಯ ಫೋರ್‌ವೀಲ್ ಡ್ರೈವ್ ಪಿಕಪ್‌ನಿಂದ ಇಳಿದೇಬಿಟ್ಟರು. ಅವರಿಗೆ ಸೊಂಟನೋವು, ಗಾಡಿಯ ಕುಲುಕಾಟ ತಡೆಯಲಾಗಲಿಲ್ಲ. ಭಾರವಿದ್ದರೆ ಗಾಡಿ ಕುಲುಕುವುದಿಲ್ಲವೆಂದು ನಾನು ಹಿಂದೆ ತೆಂಗಿನಕಾಯಿ ಬೇರೆ ತುಂಬಿಸಿದ್ದೆ.

ಅಲ್ಲೇ ರಸ್ತೆಬದಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಗಾಡಿಯಡಿ ಇಣುಕಿ ನಕ್ಕರು. “ಅಕ್ಕಾ, ಕಾಯಿ ಹಿಂದೈತೆ, ಅಮ್ಮ ಕೂರೋದು ಮುಂದೆ. ಮುಂದಿನ ಚಕ್ರದ ಸ್ಪ್ರಿಂಗ್ ಕಮಾನಿಗೆ ಯಾರೋ ಒಂದು ಪ್ಲೇಟ್ ಜಾಸ್ತಿ ಹಾಕ್ಸವ್ರೆ, ಅದ್ಕೇ ಬಗ್ಗಲ್ಲ, ಕುಲುಕ್ತೈತೆ.”

ಗಾಡಿ ಗಟ್ಟಿಯಾಗಲೆಂದು ಹಾಕಿಸಿದವಳು ನಾನೇ! ತಕ್ಷಣ ಅದನ್ನು ಬಿಚ್ಚಿಸಿ, ಅತ್ತೆಯನ್ನು ಒಪ್ಪಿಸಿ ಮತ್ತೆ ಹತ್ತಿಸಿಕೊಂಡೆ. ಹಳೇಬೀಡಿನ ಹಂಪುಗಳಲ್ಲಿ ಅವರ ಸದ್ದೇ ಇಲ್ಲ. ಗಾಬರಿಯಿಂದ ಪಕ್ಕಕ್ಕೆ ನೋಡಿದರೆ, ನಿದ್ದೆಹೋಗಿದ್ದರು.

ಈಗ ಅತ್ತೆ ಬಸ್ಸಿನ ಟೈಮು ಕೇಳುವುದಿಲ್ಲ. ನಾನು ಎಷ್ಟೊತ್ತಿಗೆ ಹೊರಡುತ್ತೇನೆಂದು ಕೇಳುತ್ತಾರೆ.