ಮೂರೂ ಒಂದ

ಮೂವರ ಸಾರಿನಲ್ಲೂ ಫರಕೇ ಇರಲಿಲ್ಲ, ಹಾಗಾಗಿ ಅಂಬಕ್ಕನ ಕೆಲಸ ಹೋಯಿತು: ನಮ್ಮ ಖಾನಾವಳಿಯಲ್ಲಿ ಉಂಡವರೆಲ್ಲ ಇಂದಿಗೂ ಹೇಳುವ ಕಥೆ ಇದು. ನಾನು ಒಪ್ಪುವುದಿಲ್ಲ. ಚರ್ಚಾಕೂಟದಲ್ಲಿ ಅಂಟಿದ ಚಾಳಿ ಎಂದು ನೀವು ನಗಬಹುದು, ನಗಿ. ಆದರೆ ಆ ಅಂಬಕ್ಕ ನನ್ನ ಸೋದರತ್ತೆ. ಪುಣೆಯ ಶನಿವಾರ ಪೇಟೆಯ ಈ ಒಂದೇ ಕೋಣೆಯಲ್ಲಿ ಎದುರಿಗೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾಳೆ. ನಾಳೆ ಹೊಸ ಮನೆಯವರು ಅವಳ ಅಡಿಗೆಯ ರುಚಿ ನೋಡಿ ಕೆಲಸ ಕೊಡುತ್ತಾರಂತೆ. ಬೀಜ ತಟಕ್ಕನೆ ತಾಟಿಗೆ ಬಿದ್ದಾಗಲೆಲ್ಲ ನಾನು ಎಣಿಸತೊಡಗುತ್ತೇನೆ.

ಅವತ್ತೂ ಇವೇ ಬೀಜ. ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಅತ್ತೆಯ ಸಾರು ಬೆಂಕಿ ಎಂದು ಪುಣೆಯ ಹುಡುಗರ ತಕರಾರು. ಅದಿಲ್ಲದೆ ಅನ್ನ ಇಳಿಯದೆಂದು ಧಾರವಾಡದವರ ಹಟ. ಪರೀಕ್ಷೆ ಇಡೋಣ, ಗೆದ್ದವರೊಬ್ಬರೇ ಅಡಿಗೆಗೆ ಇರಲಿ ಎಂದವನು ವಿಜ್ಞಾನ ಓದುತ್ತಿದ್ದ ವಸಂತ. ಅತ್ತೆಯದೊಂದು ಪಾತ್ರೆ, ಬೆಲ್ಲ ಹಾಕಿ ಪುಣೆಯ ಸಿಹಿ ಸಾರು, ಆಮಟಿ ಮಾಡುವ ಕೃಷ್ಣಾಬಾಯಿಯದೊಂದು, ಭೋರ್ ಕಡೆಯ ಮಹಾದೇವನದೊಂದು. ಪ್ರತಿ ಪಾತ್ರೆಯ ಮುಂದೆ ಹುಣಸೆಬೀಜ ಹಾಕಲೊಂದು ಬಟ್ಟಲು. ಯಾರದು ಯಾವುದೆಂದು ಹೇಳುವಂತಿರಲಿಲ್ಲ. ಮೂಗಿದ್ದವರಿಗೆ ಹೇಳಬೇಕಾಗಿಯೂ ಇರಲಿಲ್ಲ.

"ಭಾಳ ಸೇರಿದ್ದಕ್ಕ ಒಂದು ಬೀಜ, ಆಮ್ಯಾಲಿಂದಕ್ಕ ಎರಡು, ಕಡೀದಕ್ಕ ಮೂರು. ಕಡಿಮಿ ಬೀಜ ಬಿದ್ದವರು ಗೆದ್ದಂಗ," ಎಂದ ವಸಂತ. ರುಚಿ ನೋಡಲು ಧಾರವಾಡದವರಿಬ್ಬರು, ಪುಣೆಯವರಿಬ್ಬರು. ನಾನೂ ಕೂಡಲು ಹೋದರೆ ಖಾನಾವಳಿಯ ಯಜಮಾನ ಅಣ್ಣಾರಾಯರು ತಡೆದರು: "ನೀ ಬ್ಯಾಡಪಾ, ನಿನ್ನ ನಾಲಗಿ ಅತ್ತಿ ಕಡೆ ವಕೀಲಕಿ ಮಾಡ್ತದ."

ಗೋಡೆಗೆ ಆತು ನಿಂತೆ. ಅಡಿಗೆಮನೆಯ ಹಿಂದಿನ ಕೋಣೆಯೇ ಅತ್ತೆಗೆ ಮನೆ. ಕೆಲಸ ಹೋದರೆ ಅದೂ ಹೋಗುತ್ತಿತ್ತು.

ವಸಂತ ಎಣಿಸಿದ. ಮತ್ತೊಮ್ಮೆ ಎಣಿಸಿದ. "ಎಲ್ಲಾದರಾಗೂ ಎಂಟೆಂಟ."

"ಹಂಗಾದ್ರ ಮೂರೂ ಒಂದ!" ಅಣ್ಣಾರಾಯರ ಮುಖ ಹಗುರಾಯಿತು. "ಯಾರಿದ್ರೇನು? ಮಹಾದೇವ ಇರ್ಲಿ, ಬಾವಿ ನೀರರೆ ಸೇದತಾನ."

"ಒಂದ ಹೆಂಗ ಆಗ್ತದರೀ?" ನಾನು ಮುಂದೆ ಬಂದೆ. "ಅತ್ಯಾನ ಬಟ್ಟಲಕ್ಕ ಧಾರವಾಡದವರು ಒಂದೊಂದು ಹಾಕ್ಯಾರ, ಪುಣೇದವರು ಮೂರ್ಮೂರು. ಕೃಷ್ಣಾಬಾಯಿದು ಇದರ ಉಲ್ಟಾ. ಮಹಾದೇವಂದು ಎಲ್ಲಾರಿಗೂ ಎರಡನೇದು, ಯಾರಿಗೂ ಮೊದಲನೇದಲ್ಲ. ಇಲ್ಲಿ ಜಗಳ ಅದರೀ, ನೀವು ರಾಜಿ ಅಂತೀರಿ!"

"ಕೂಡಿಸಿದ್ದು ತಪ್ಪಿಲ್ಲಲಾ," ಎಂದು ವಸಂತ ಗೊಣಗಿದ.

ತಪ್ಪಿರಲಿಲ್ಲ, ನಿಜ. ಆದರೆ ಎಲ್ಲರಿಗೂ ಅಷ್ಟಕ್ಕಷ್ಟೇ ಆದದ್ದೂ, ಅರ್ಧ ಜನಕ್ಕೆ ಪ್ರಾಣವಾಗಿ ಉಳಿದವರಿಗೆ ಉರಿಯಾದದ್ದೂ ಅದೇ ಎಂಟರಲ್ಲಿ ಹೇಗೆ ಹಿಡಿಸಿದವು? ಮೊದಲನೆಯದಕ್ಕೂ 'ಒಂದು', ಭೇದವಿಲ್ಲದ್ದಕ್ಕೂ 'ಒಂದು' ಎನ್ನುವ ನಮ್ಮ ಮಾತೇ ಅವತ್ತು ಅತ್ತೆಯ ಗಂಟುಮೂಟೆ ಕಟ್ಟಿಸಿತೇನೋ.

ಈ ವಾದವನ್ನು ನಾನು ಆಮೇಲೆ ಎಲ್ಲೆಲ್ಲೋ ಗೆದ್ದಿದ್ದೇನೆ. ಕೇಳಿದವರು ತಲೆದೂಗಿದ್ದಾರೆ.

ಈಗ ನೋಡಿದರೆ, ಅತ್ತೆ ನಾಳೆಯ ಮಸಾಲೆಗೆಂದು ತೆಗೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಅರ್ಧಕ್ಕರ್ಧ ಡಬ್ಬಿಗೆ ಮರಳಿ ಹಾಕಿದ್ದಾಳೆ. ಎಂದೂ ಹಾಕದ ಬೆಲ್ಲವನ್ನೂ ಚೂರೇ ಚೂರು ಕೆರೆದಿಟ್ಟಿದ್ದಾಳೆ. ಕುದಿಸಿದ ಮಾದರಿ ಸಾರನ್ನು ನನ್ನ ಅಂಗೈಗೆ ಬಿಟ್ಟಳು. ಚೆನ್ನಾಗಿತ್ತು. ಮಹಾದೇವನ ಸಾರಿನಂತೆ, ಯಾರೂ ಬೇಡವೆನ್ನದ ಹಾಗೆ ಚೆನ್ನಾಗಿತ್ತು. ನನಗೆ ಭಯವಾಯಿತು.

ತಾಟಿನಿಂದ ಬೀಜಗಳನ್ನು ಬಾಚಿ ಅವಳ ಮುಂದೆ ಹಿಡಿದೆ.

"ಅತ್ಯಾ, ಈ ಸಾರಿಗೆ ನೀ ಎಷ್ಟು ಹಾಕ್ತಿ?"