ನರದ ಪಾಲು

ಸರ್ಪಸುತ್ತಿನ ಗುಳ್ಳೆಗಳು ಒಣಗಿ ಉದುರಿದವು, ಉರಿ ಮಾತ್ರ ಉಳಿಯಿತು. ಎಡ ಪಕ್ಕೆಯಿಂದ ಬೆನ್ನಿನವರೆಗೆ ಕೆಂಡ ಸವರಿದ ಹಾಗೆ. ಕುಪ್ಪಸ ತಗುಲಿದರೂ ಜೀವ ಹೋಗುತ್ತಿತ್ತು. ಚರ್ಮದ ಮೇಲೆ ಕಲೆಯೇ ಇಲ್ಲದಿದ್ದರೆ ನಂಬುವವರು ಯಾರು? ಲಕಮನಹಳ್ಳಿಯ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಹಿಂದಿನ ನಾಗರಪಂಚಮಿಗೆ ನಾನು ನಾಗಪ್ಪನಿಗೆ ಹಾಲೆರೆಯಲಿಲ್ಲ, ಅದಕ್ಕೇ ಮುನಿದಿದ್ದಾನೆ ಎಂಬುದು ಅತ್ತೆಯ ಪಕ್ಷ. "ಗುಳ್ಳಿ ಹೋಗಿ ಎಷ್ಟು ದಿನಾ ಆತು? ಇನ್ನೂ ಬ್ಯಾನಿ ಅಂದ್ರ ಅದು ನಿನ್ನ ಮನಸಿನ್ಯಾಗ ಐತಿ" ಎಂಬುದು ಗಂಡನ ಪಕ್ಷ. ನನ್ನ ಮೈಯ ಬಗ್ಗೆ ನನ್ನ ಮಾತಿಗೇ ಬೆಲೆ ಇರಲಿಲ್ಲ. ನೋವಿಗಿಂತ ಹೆಚ್ಚು ಸುಟ್ಟದ್ದು ಅದು.

ಕಡೆಗೆ ನಾನೊಬ್ಬಳೇ ಬಸ್ಸು ಹತ್ತಿ ವಿದ್ಯಾನಗರದ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. "ರೋಗ ಹೋಗೇತ್ರಿ ಅಕ್ಕಾರ, ಆದ್ರ ನರಕ್ಕ ಪೆಟ್ಟು ಬಿದ್ದೈತಿ. ಈ ಗುಳಿಗಿ ಖಿನ್ನತೆಗೂ ಕೊಡ್ತೇವಿ. ಕಡಿಮಿ ಡೋಸಿನ್ಯಾಗ ನರದ ಉರಿ ಇಳಸ್ತೈತಿ. ನಿಮಗ ಖಿನ್ನತೆ ಐತಿ ಅಂತಲ್ಲ. ಲಗೂನ ಗುಣ ಕಾಣಂಗಿಲ್ಲ, ತಾಳ್ರಿ" ಎಂದರು.

ಮನೆಗೆ ಬಂದರೆ ಗಂಡ ಮೊಬೈಲಿನಲ್ಲಿ ಗುಳಿಗೆಯ ಹೆಸರು ಹುಡುಕಿ, ಚುನಾವಣೆ ಗೆದ್ದವರ ಹಾಗೆ ನಕ್ಕರು. "ನೋಡು, ನಾ ಹೇಳಿದ್ನೋ ಇಲ್ಲೋ? ಮನಸಿನ ಗುಳಿಗೀನ ಕೊಟ್ಟಾರ." ಮನಸ್ಸಿನ ನೋವೇನು ನೋವಲ್ಲವೇ ಎಂದು ಜಗಳಕ್ಕೆ ನಿಂತೆ. ಗುಳಿಗೆಯನ್ನಂತೂ ಬಿಡಲಿಲ್ಲ. ಬಾಯಿ ಒಣಗುತ್ತಿತ್ತು, ಬೆಳಗಿನ ಹೊತ್ತು ಮಂಪರು. ವಾರಗಳು ಕಳೆದ ಮೇಲೆ ಒಂದು ದಿನ ಕುಪ್ಪಸ ತೊಟ್ಟದ್ದು ಗೊತ್ತೇ ಆಗಲಿಲ್ಲ. ಉರಿ ಪೂರ್ತಿ ಹೋಗಿರಲಿಲ್ಲ, ಆದರೆ ಅದರ ಜೊತೆ ಬಾಳಬಹುದಿತ್ತು.

ಮತ್ತೆ ಪಂಚಮಿ ಬಂತು. ನಾನು ಶೇಂಗಾ ಉಂಡಿ ಕಟ್ಟುತ್ತಿದ್ದಾಗ ಗಂಡ ಬಂದು, "ಮನಸು ಹಗುರಾತು, ಬ್ಯಾನಿ ಹೋತು" ಎಂದರು. ನಾನು ಬಾಯಿ ತೆರೆದು ಅವರ ಏಳು ತಲೆಮಾರು ಜಾಲಾಡಿದೆ. ಅತ್ತೆ ಇಬ್ಬರನ್ನೂ ನೋಡಿ ಮಗನ ಕಡೆ ತಿರುಗಿದರು.

"ಮನಸಿನ ಗುಳಿಗಿ ಆಗಿದ್ರ ಮದಲ ಈಕಿ ಸಿಟ್ಟು ಇಳೀಬೇಕಿತ್ತಲ್ಲೊ! ಸಿಟ್ಟು ಇದ್ದಂಗ ಐತಿ, ಉರಿ ಅಷ್ಟ ಇಳದೈತಿ. ಅಂದ್ರ ಬ್ಯಾನಿ ಖರೇನ ಇತ್ತು."

ಇಂಥ ವಾದ ಡಾಕ್ಟರಿಗೂ ಹೊಳೆದಿರಲಿಲ್ಲ. ಗಂಡ ಒಂದು ಉಂಡಿ ಬಾಯಿಗೆ ತುರುಕಿಕೊಂಡರು.

ಆಮೇಲೆ ಮಣ್ಣಿನ ನಾಗಪ್ಪನ ಮುಂದೆ ಎಲ್ಲರೂ ಕೂತೆವು. ಅತ್ತೆ ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿ, ಒಬ್ಬೊಬ್ಬರ ಹೆಸರಿನಲ್ಲಿ ಎರೆಯತೊಡಗಿದರು. "ದ್ಯಾವರ ಪಾಲು, ಗುರುವಿನ ಪಾಲು, ಮಗನ ಪಾಲು, ಸೊಸಿ ಪಾಲು." ಅಲ್ಲಿಗೆ ಮುಗಿಯಬೇಕಿತ್ತು. ಅವರು ಮತ್ತೊಮ್ಮೆ ಬಟ್ಟಲು ಅದ್ದಿ, "ಸೊಸಿ ನರದ ಪಾಲು" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ನಾಗಪ್ಪ ಹಾಲು ಕುಡಿದನೋ ಬಿಟ್ಟನೋ, ಈ ಮನೆಯಲ್ಲಿ ಒಬ್ಬರು ನನ್ನನ್ನು ನಂಬಿದ್ದರು. ಕಣ್ಣೊರೆಸಿಕೊಂಡು ಅವರ ಕೈಯಿಂದ ಬಟ್ಟಲು ಇಸಿದುಕೊಂಡೆ, ಗಂಡನ ಮುಂದೆ ಹಿಡಿದೆ.

"ಈಗ ನೀವು ಎರೀರಿ."

ಅವರು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹಾಲೆರೆದು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ನರದ ಪಾಲು" ಎಂದರು.